ಖಾಲಿ ಕೊಡಬಾರದೆಂದು

ಜಮಖಂಡಿ
೯ ಫೆಬ್ರುವರಿ ೨೦೦೩

ಗೆಳೆಯ ಅಮಸಿದ್ದಪ್ಪಾ,

ಅದಕ್ಕೇ ಹೇಳುವುದು, ನಮ್ಮ ನಾಟಕದ ಆ ಕಟ್ಟಿಗೆಯ ಪಿಸ್ತೂಲಿನದು ಏನೂ ತಪ್ಪಿರಲಿಲ್ಲ, ತಪ್ಪು ಬಾಳೂನದು. ನಿನ್ನೆ ನಿನ್ನ ಮಗಳು ಭಾಗ್ಯಾ ಬಂದಾಗ ಅವಳ ಮುಂದೆ ಇದೇ ಮಾತು ನಡೆದಿತ್ತು, ಬೀಳಗಿ ಬಸ್ಸು ಬಂದು ಮಾತು ಅರ್ಧಕ್ಕೇ ನಿಂತಿತು. ಪರದೆಯ ಹಿಂದೆ ಪಟಾಕಿ ಹೊಡೆಯುವ ಕೆಲಸ ಬಾಳೂನದಲ್ಲವೇ? ನೀನು ಪಿಸ್ತೂಲು ಎತ್ತಿದ ಮೇಲೆ ಅವನು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದ. ಶಿದ್ರಾಮಪ್ಪ ಗುಂಡು ತಾಗಿ ಬಿದ್ದು, ತಾಯಿಗೆ ನಾಲ್ಕು ಮಾತು ಹೇಳಿ, ಪ್ರಾಣ ಬಿಟ್ಟಾದ ಮೇಲೆ ಢಂ ಅನ್ನುತ್ತಿತ್ತು. ಒಂದು ವರ್ಷ ಪಟಾಕಿ ತೊಯ್ದು ಹೊತ್ತಲೇ ಇಲ್ಲ, ನೀನೇ ಬಾಯಿಂದ ಢಂ ಎಂದೆ. ಮುಂದೆ ಕೂತಿದ್ದ ಯಂಕವ್ವ, 'ಇದೆಂಥಾ ಗುಂಡ ಬೇ, ಬಾಯಾಗಿಂದ ಬರ್ತೈತಿ!' ಎಂದದ್ದಕ್ಕೆ ಹೆಣವಾಗಿ ಮಲಗಿದ್ದ ಶಿದ್ರಾಮಪ್ಪನೂ ಹೊಟ್ಟೆ ಕುಣಿಸಿ ನಕ್ಕ. ಹಿಂದೆ ನಿಂತು ಮಾತು ಓದಿಕೊಡುತ್ತಿದ್ದ ನಾನು ನಗುವಿನ ಭರದಲ್ಲಿ ಒಂದು ಪುಟವನ್ನೇ ಹಾರಿಸಿಬಿಟ್ಟೆ.

ಇರಲಿ. ನಮ್ಮ ಊರು ಹಿನ್ನೀರಿಗೆ ಹೋಗಿ, ನೀವೆಲ್ಲ ಪುನರ್ವಸತಿಯ ಪ್ಲಾಟುಗಳಿಗೆ ಬಂದ ಮೇಲೆ ಇದು ಮೊದಲ ನಾಟಕ. ಅದೂ ಬೀರದೇವರ ಹೊಸ ಗುಡಿಯ ಸಹಾಯಾರ್ಥ. ಮೇಲಾಗಿ ಭಾಗ್ಯಾಳ ಮಾವನಾಗುವವರು, ಚಿಮ್ಮಡದ ಅಂದಾನೆಪ್ಪನವರು, ಮುಂದಿನ ಸಾಲಿನಲ್ಲಿ ಕೂಡುವವರು. ಬೀಗರ ಎದುರಿಗೆ ಬಾಯಿಂದ ಢಂ ಅನ್ನುವುದು ನಿನ್ನ ಮೀಸೆಗೆ ಒಪ್ಪುವುದಿಲ್ಲ. ಈ ಕಾರಣದಿಂದ, ಐ ಬೆಗ್ ಟು ಸ್ಟೇಟ್, ಭಾಗ್ಯಾಳ ಕೈಯಲ್ಲಿ ಈ ವಸ್ತುವನ್ನು ಕಳಿಸಿದ್ದೇನೆ.

ವಸ್ತು ನನ್ನ ತಮ್ಮನ ಮಗ ಪ್ರಥಮೇಶನದು. ಹಡಗಿನಲ್ಲಿ ಅವನ ಕೆಲಸ. ಜಪಾನಿನಿಂದ ತಂದು, ಮನೆಯಲ್ಲಿ ಹೆಂಡತಿ ಬೇಡವೆಂದಳೆಂದು ನನ್ನಲ್ಲಿ ಇಟ್ಟು ಹೋಗಿದ್ದಾನೆ. ಮಿಲಿಟರಿ ಅಧಿಕಾರಿಗಳ ಸೊಂಟದಲ್ಲಿ ಇರುವಂಥದರ ನಕಲು. ರಿಯಲಿಸ್ಟಿಕ್ ಎಂದರೆ ಎಷ್ಟು ರಿಯಲಿಸ್ಟಿಕ್, ಮೊದಲ ದಿನ ಅದನ್ನು ದೇವರ ಕೋಣೆಯ ಕಡೆ ಮುಖ ಮಾಡಿ ಇಡಲು ನನಗೇ ಧೈರ್ಯವಾಗಲಿಲ್ಲ. ಹಿಡಿಕೆಯ ಒಳಗೆ ಒಂದು ಕಬ್ಬಿಣದ ಗೂಡು ಇದೆ, ಹೊರಗೆ ಎಳೆಯಬಹುದು. ಅದರ ಬುಡಕ್ಕೆ ಸೆಂಟಿನ ಡಬ್ಬಿಯಂಥ ಡಬ್ಬಿಯಿಂದ ಗ್ಯಾಸು ತುಂಬಬೇಕು. ಬೆರಳು ಒತ್ತಿದರೆ ಪಿಸ್ತೂಲಿನ ಮೇಲಿನ ಭಾಗ ಗಕ್ಕನೆ ಹಿಂದೆ ಜಿಗಿದು ಮುಂದೆ ಬರುತ್ತದೆ, ಕೈಯನ್ನು ಒದೆಯುತ್ತದೆ, ಠಪ್ಪೆಂದು ಸದ್ದಾಗುತ್ತದೆ. ಗೂಡು ಖಾಲಿ ಇದ್ದರೆ ಮಾತ್ರ ಒಮ್ಮೆ ಹೊಡೆದೊಡನೆ ಮೇಲಿನ ಭಾಗ ಹಿಂದೆಯೇ ನಿಂತುಬಿಡುತ್ತದೆ, ಹಸಿದವರು ಬಾಯಿ ತೆರೆದ ಹಾಗೆ. ನೀನು ಹಾರಿಸುವುದು ಒಂದೇ ಗುಂಡು, ಅಷ್ಟು ಸಾಕು.

ಆದರೂ ಖಾಲಿ ಕಳಿಸಲು ಮನಸ್ಸಾಗಲಿಲ್ಲ. ನಿಮ್ಮ ಮಾಯವ್ವ ಕಳಿಸಿದ ಮಜ್ಜಿಗೆಯ ಗಡಿಗೆಯನ್ನು ನನ್ನ ಇಂದಿರಾ ಒಂದು ದಿನವಾದರೂ ಬರಿದಾಗಿ ಮರಳಿಸಿದ್ದಾಳೆಯೇ? ಶೇಂಗಾ ಇಲ್ಲದಿದ್ದರೆ ಗೋಧಿಯ ನಾಲ್ಕು ಕಾಳಾದರೂ ಹಾಕುವಳು. ಆಸ್ಪತ್ರೆಗೆ ಹೊರಟ ದಿನವೂ, 'ಖಾಲಿ ಕೊಡಬಾರದು ಅಂತ ನಿಮಗ ಎಷ್ಟ ಸಲ ಹೇಳಬೇಕ್ರೀ' ಎಂದು ನನ್ನನ್ನೇ ಗದರಿಸಿ ಹೋದಳು. ಅದಕ್ಕೇ ಶಾಸ್ತ್ರಕ್ಕೆಂದು ಐದು ಗುಂಡು ಹಾಕಿದ್ದೇನೆ. ಪ್ಲಾಸ್ಟಿಕ್ಕಿನವು, ಬಿಳಿಯವು, ಜೋಳದ ಕಾಳಿಗಿಂತ ತುಸು ದಪ್ಪ. ಆಟಕ್ಕೆ ಮೊದಲು ತೆಗೆದುಬಿಡಬೇಕೆಂದು ಭಾಗ್ಯಾಗೆ ಹೇಳಿದ್ದೇನೆ. ತೆಗೆಯುವ ರೀತಿ ಮನೆಯಲ್ಲಿ ತೋರಿಸಿದೆ, ಬಸ್ಸಿನ ಕಿಟಕಿಯಲ್ಲಿ ಮತ್ತೊಮ್ಮೆ ಹೇಳಿದೆ. ತಾಲೀಮಿನಲ್ಲಿ ಹೊಡೆದು ನೋಡಬೇಡ, ಗ್ಯಾಸು ಸ್ವಲ್ಪವೇ ಇದೆ.

ನಾನು ಬರುವಂತಿಲ್ಲ. ಅದೇ ದಿನ ಇಂದಿರಾಳ ವರ್ಷದ ಶ್ರಾದ್ಧ ಬಂದಿದೆ. ಐ ಆ್ಯಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿ ಸೇಮ್ ಫ್ರಾಮ್ ಯೂ. ಇದನ್ನು ಭಾಗ್ಯಾ ನಿನಗೆ ಓದಿ ಹೇಳುವಾಗ ನೀನು ಎಂದಿನಂತೆ ನಡುವೆ ನಿದ್ದೆ ಹೋಗಬೇಡ.

ನಿನ್ನ
ಅನಂತ


ಪುನರ್ವಸತಿ ಕೇಂದ್ರ, ಬೀಳಗಿ ತಾಲೂಕು
೨೨ ಫೆಬ್ರುವರಿ ೨೦೦೩

ಅನಂತ ಕಾಕಾ ಅವರಿಗೆ ಭಾಗ್ಯಾಳ ನಮಸ್ಕಾರಗಳು.

ನಿಮ್ಮ ಪತ್ರ ನಾಟಕದ ಮರುದಿನ ಕೈಗೆ ಬಂತು. ಅಪ್ಪನಿಗೆ ಓದಿ ಹೇಳಿದೆ. ಇಲ್ಲಿ ನಡೆದದ್ದು ನಿಮಗೆ ಇನ್ನೂ ತಿಳಿದಿರಲಿಕ್ಕಿಲ್ಲ. ಬರೆಯಲು ಕೈ ಬರುತ್ತಿಲ್ಲ, ಆದರೆ ಬೇರೆಯವರಿಂದ ನೀವು ಕೇಳಬಾರದು.

ಮೂರನೆಯ ಅಂಕದಲ್ಲಿ ಅಪ್ಪ ಪಿಸ್ತೂಲು ತೆಗೆದಾಗ ಜನರೆಲ್ಲ ಸುಮ್ಮನಾದರು. ಅಷ್ಟರಲ್ಲಿ ಮೈಕಿನಲ್ಲಿ ಕೂಗಿದರು, ಚಿಮ್ಮಡದ ಅಂದಾನೆಪ್ಪನವರಿಂದ ಬೀಗರಿಗೆ ಟಾವೆಲ್ ಆಯೇರಿ ಎಂದು. ನಿಮಗೆ ಗೊತ್ತೇ ಇದೆ, ಆಯೇರಿಯ ಉಡುಗೊರೆ ಕೊಡುವವರು ಮೇಲೆ ಬಂದರೆ ಸಾಯುವ ಪಾತ್ರದವನೂ ಸಾಯುವುದನ್ನು ನಿಲ್ಲಿಸಿ ಕಾಯಬೇಕು. ಮಾವನವರು ಸ್ಟೇಜು ಹತ್ತಿ ಅಪ್ಪನ ಹೆಗಲಿಗೆ ಟಾವೆಲ್ ಹಾಕಿದರು. ಹಾಕಿದವರು ಕೆಳಗೆ ಇಳಿಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಎದೆ ಮುಂದೆ ಮಾಡಿ ನಿಂತರು.

'ಏನ್ರಿ ಬೀಗರ, ಹೆಣ್ಣ ಕೊಡಾಕ ಇಷ್ಟ ದಿನಾ ಕಾಡಸೀರಿ, ಗುಂಡರ ಲಗೂನ ಕೊಡ್ರಿ!' ಎಂದರು.

'ತಗೋರಿ, ವರದಕ್ಷಿಣಿ ಅಂತ ತಿಳಕೋರಿ!' ಎಂದು ಅಪ್ಪ ಹಾರಿಸಿದರು.

ಜನ ಸಿಳ್ಳು ಹೊಡೆದರು. ಮಾವನವರು ಮುಖ ಹಿಡಿದುಕೊಂಡು ಕುಸಿದರು. ಜನ ಇನ್ನೂ ಜೋರಾಗಿ ಸಿಳ್ಳು ಹೊಡೆದರು. ಅಪ್ಪನೂ ನಗುತ್ತಲೇ, 'ಏಳ್ರಿ, ಏಳ್ರಿ, ಇದರಾಗ ನಿಮ್ಮ ಪಾರ್ಟ ಇಲ್ಲ' ಎಂದರು. ಬೆರಳಿನ ಸಂದಿಯಲ್ಲಿ ರಕ್ತ ಕಂಡ ಮೇಲೆ ಅವರ ಮಗ, ಪರಮೇಶ ಅವರು, ಚಪ್ಪಲಿ ಬಿಟ್ಟು ಓಡಿ ಬಂದರು.

ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಲಗಣ್ಣು. ಬೆಳಕು ಕಾಣುತ್ತದಂತೆ, ಮುಖ ಕಾಣುವುದಿಲ್ಲವಂತೆ. ಮುಂದೆಯೂ ಇಷ್ಟೇ ಎಂದು ಡಾಕ್ಟರು ಹೇಳಿದ್ದಾರೆ.

ಹಿರಿಯರು ಕೂಡಿದ್ದರು. ಗುಂಡು ತುಂಬಿದವರು ಯಾರು ಎಂದು ಚಿಮ್ಮಡದವರು ಕೇಳಿದರು. ಅಪ್ಪ ಎದ್ದು ನಿಂತು, 'ಕೈ ನಂದು, ತಪ್ಪೂ ನಂದು. ಮತ್ತೊಬ್ಬರ ಹೆಸರ ಬ್ಯಾಡ' ಎಂದರು. ಇನ್ನು ಮುಖಕ್ಕೆ ಬಣ್ಣ ಹಚ್ಚುವುದಿಲ್ಲವೆಂದು ಬೀರದೇವರ ಆಣೆ ಮಾಡಿದರು. ಪಿಸ್ತೂಲನ್ನು ಹಿನ್ನೀರಿಗೆ ಎಸೆದು ಬಂದರು. ಪ್ರಥಮೇಶ ಅಣ್ಣನಿಗೆ ಏನು ಹೇಳುತ್ತೀರೋ ನನಗೆ ತಿಳಿಯದು.

ಅಪ್ಪ ಬೇಕೆಂದೇ ಹೊಡೆದರೆಂದು ಚಿಮ್ಮಡದ ಕೆಲವರು ಆಡುತ್ತಿದ್ದಾರೆ. ಸದ್ಯಕ್ಕೆ ಲಗ್ನದ ಮಾತು ಎತ್ತಬೇಡಿ ಎಂದು ಹೇಳಿ ಕಳಿಸಿದ್ದಾರೆ.

ಭಾಗ್ಯಾ


ಜಮಖಂಡಿ
೧ ಮಾರ್ಚ್ ೨೦೦೩

ಚಿರಂಜೀವಿ ಭಾಗ್ಯಾ,

ನಿನ್ನ ಪತ್ರ ಓದಿ ಚಹಾ ಮಾಡಿದೆ, ಕುಡಿಯದೆ ಚೆಲ್ಲಿದೆ, ಮತ್ತೆ ಓದಿದೆ. ಗುಂಡು ಹಾರಿದ ಹೊತ್ತಿಗೆ ಇಲ್ಲಿ ನಾನು ಭಟ್ಟರಿಗೆ ಬಡಿಸಿ, ಕಾಗೆಗಳಿಗೆ ಇಟ್ಟು, ನಿಮ್ಮ ಕಾಕು ತೃಪ್ತಳಾದಳೆಂದು ಸಮಾಧಾನದಲ್ಲಿ ಮಲಗಿದ್ದೆ. ಅಂದಾನೆಪ್ಪನವರನ್ನು ನಾನು ಒಂದೇ ಸಲ ನೋಡಿದ್ದು, ನಿಮ್ಮ ಲಗ್ನದ ಮಾತುಕತೆಯ ದಿನ. ನನ್ನ ಕಾಲೇಜು ಇಂಗ್ಲಿಷಿಗೆ ನಕ್ಕು, 'ಮಾಸ್ತರ್ರ, ಇದನ್ನ ನಮ್ಮ ಎತ್ತಿಗೆ ಕಲಸ್ರಿ, ನನ್ನ ಮಾತಂತೂ ಕೇಳೂದಿಲ್ಲ' ಎಂದಿದ್ದರು. ಅಂಥ ಮನುಷ್ಯನ ಕಣ್ಣು.

ಆ ದಿನ ನಾನು ಅಲ್ಲಿ ಇದ್ದಿದ್ದರೆ ಎಂದು ಅನಿಸುತ್ತದೆ. ಇದ್ದಿದ್ದರೆ ನಾನೇ ತೆಗೆದು ನೋಡುತ್ತಿದ್ದೆ. ಅಥವಾ ಆ ಹಾಳು ವಸ್ತುವನ್ನು ಕಳಿಸದೆಯೇ ಇರಬಹುದಿತ್ತು. ಕಟ್ಟಿಗೆಯದರಲ್ಲಿ ಮೂವತ್ತು ವರ್ಷ ಯಾರಿಗೂ ಏನೂ ಆಗಿರಲಿಲ್ಲ.

ಒಂದೇ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡ. ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ನಾನು ನಿನಗೆ ಹೇಳಿದ್ದೆನಲ್ಲ? ಅಥವಾ ಹೇಳಿದೆನೆಂದು ನಾನೇ ಅಂದುಕೊಂಡೆನೋ? ಈಚೆಗೆ ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಹಾಲು ತಂದೆನೆಂದು ಅಂದುಕೊಂಡು ಬರೀ ಪಾತ್ರೆ ಒಲೆಯ ಮೇಲೆ ಇಟ್ಟಿದ್ದುಂಟು. ಆದರೆ ಇದನ್ನು ಹೇಳಿದ ನೆನಪಿದೆ. ನೀನು ಹೂಂ ಎಂದ ನೆನಪೂ ಇದೆ.

ಹೇಳಿದ್ದು ನಿಜವಾದರೆ, ಚಿಮ್ಮಡಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ ಬರಲೇ? ನಿಮ್ಮ ಅಪ್ಪ ಬೇಕೆಂದು ಹೊಡೆದನೆನ್ನುವ ಮಾತಾದರೂ ಅಳಿಯಲಿ. ಅವನು ಒಬ್ಬನೇ ಹೊರುವುದು ಸರಿಯಲ್ಲ.

ನಿನ್ನ
ಅನಂತ ಕಾಕಾ


ಪುನರ್ವಸತಿ ಕೇಂದ್ರ
೧೦ ಮಾರ್ಚ್ ೨೦೦೩

ಕಾಕಾ,

ಹೇಳಿದ್ದಿರಿ. ಕೇಳಿಸಿತ್ತು. ಮರೆತೆ.

ಆ ಸಂಜೆ ಚಿಮ್ಮಡದಿಂದ ಹೆಣ್ಣುಮಕ್ಕಳು ನಮ್ಮ ಮನೆಗೇ ಇಳಿದಿದ್ದರು. ರೊಟ್ಟಿ ಬಡಿಯುವುದು, ಅವರಿಗೆ ಕೈಗೆ ನೀರು ಕೊಡುವುದು, ಅಪ್ಪನ ಕೋಟಿಗೆ ಗುಂಡಿ ಹಚ್ಚುವುದು. ಅಪ್ಪ ಬಣ್ಣ ಹಚ್ಚಿಕೊಂಡು ಬಂದು, 'ಎಲ್ಲಾ ಬರೋಬರ ಐತಿಲ್ಲವಾ?' ಎಂದು ಕೈ ಚಾಚಿದರು. ಸುತ್ತಿದ್ದ ಅರಿವೆ ಬಿಚ್ಚಿ ಪಿಸ್ತೂಲು ಕೊಟ್ಟು ಹೂಂ ಎಂದೆ. ಅವರ ಕೈಗೆ ಕೊಟ್ಟವಳು ನಾನೇ.

ನಿಮ್ಮ ಪತ್ರವನ್ನು ಅಪ್ಪನಿಗೆ ಓದುವಾಗ ಆ ಸಾಲುಗಳನ್ನು ಬಿಟ್ಟು ಓದಿದೆ. ಗುಂಡು ಪ್ರಥಮೇಶ ಅಣ್ಣನ ಕಾಲದಿಂದ ಒಳಗೇ ಉಳಿದಿದ್ದವು ಎಂದು ಅಪ್ಪ ತಿಳಿದಿದ್ದಾರೆ. ಅವ್ವ ಒಮ್ಮೆ ನಿಮ್ಮ ಹೆಸರು ತೆಗೆದಾಗ ಅಪ್ಪ ಸಿಟ್ಟಿಗೆದ್ದು, 'ಅನಂತಗ ಗೊತ್ತಿದ್ರ ಹೇಳದ ಇರ್ತಿದ್ನೇನ? ನಾಕ ಹನಿ ಮಳಿ ಬಿದ್ರ ಪತ್ರಾ ಬರ್ಯಾಂವ ಅಂವಾ' ಎಂದರು.

ನೀವು ಹೋಗಿ ಇದ್ದ ಹಾಗೆ ಹೇಳಿದರೆ ನಾನು ಮಾವನ ಕಣ್ಣು ತೆಗೆದ ಸೊಸೆಯಾಗುತ್ತೇನೆ. ಆ ಮನೆಯ ಹೊಸ್ತಿಲು ನನಗೆ ಸಿಗುವುದಿಲ್ಲ. ಪರಮೇಶ ಅವರು ಬನಹಟ್ಟಿಯ ಮಗ್ಗದಿಂದ ನಡುವೆ ಒಮ್ಮೆ ಬಂದು ಹೋದರು. 'ಅಪ್ಪನ ಮನಸ ಇಳೀಲಿ, ನಾ ಕಾಯತೇನಿ' ಎಂದರು. ಅವರಿಗೂ ನಾನು ಹೇಳಲಿಲ್ಲ.

ಹೇಳಬೇಡಿ ಎಂದು ಬೇಡಿಕೊಳ್ಳುವ ಮುಖ ನನಗಿಲ್ಲ. ಹೇಳಿರಿ ಎನ್ನುವ ಧೈರ್ಯವೂ ಇಲ್ಲ. ಇನ್ನು ಮುಂದೆ ಅಂಗನವಾಡಿಯ ವಿಳಾಸಕ್ಕೆ ಬರೆಯಿರಿ. ನಾನು ಅಲ್ಲೇ ಕೆಲಸದಲ್ಲಿ ಇರುತ್ತೇನೆ.

ಭಾಗ್ಯಾ


ಜಮಖಂಡಿ
೨೭ ಮಾರ್ಚ್ ೨೦೦೩

ಚಿರಂಜೀವಿ ಭಾಗ್ಯಾ,

ಹೋಗಿ ಬಂದೆ. ಬನಹಟ್ಟಿಯ ತನಕ ಬಸ್ಸು, ಮುಂದೆ ಆಟೋ. ಆಟೋದಲ್ಲಿ ನನ್ನ ತೊಡೆಯ ಮೇಲೆ ಯಾರದೋ ಸೀರೆಯ ಗಂಟು. ದಾರಿಯುದ್ದಕ್ಕೂ ಅಂದಾನೆಪ್ಪನವರಿಗೆ ಹೇಳುವ ಮಾತನ್ನು ಒಪ್ಪ ಮಾಡುತ್ತಾ ಹೋದೆ, ಮುಟ್ಟುವ ಹೊತ್ತಿಗೆ ಎಲ್ಲ ಮರೆತಿತ್ತು.

ಅವರ ಅಂಗಳದಲ್ಲಿ ಕುದಿಸಿದ ಅರಿಶಿಣ ಹರವಿದ್ದರು. ಹೊರಸಿನ ಮೇಲೆ ಕೂತಿದ್ದರು, ಕಣ್ಣಿಗೆ ಹಸಿರು ಅರಿವೆ. ಸಪ್ಪಳ ಕೇಳಿ ಇಡೀ ಮುಖ ತಿರುಗಿಸಿ ನೋಡಿದರು.

'ನಾಟಕದ ಮಾಸ್ತರ್ರ ಏನ್ರಿ? ಈ ಕಡೀ ಬರ್ರಿ. ಆ ಕಡೀ ಕುಂತ್ರ ನೀವು ನನ್ನ ಪಾಲಿಗಿಲ್ಲ.'

ಈ ಕಡೆ ಬಂದು ಕೂತೆ. ಪರಮೇಶ ನೀರು ತಂದಿಟ್ಟು ಬಾಗಿಲಲ್ಲೇ ನಿಂತ. ಊರು, ಬಿಸಿಲು, ಅರಿಶಿಣದ ದರ ಎಲ್ಲ ಆಯಿತು. ಕೊನೆಗೆ ಅವರೇ, 'ಬಂದದ್ದ ಹೇಳ್ರಿ' ಎಂದರು.

'ಗುಂಡು ಹಾಕಿದ್ದು ನಾನು' ಎಂದೆ.

'ಯಾಕ ಹಾಕಿದ್ರಿ?'

'ಖಾಲಿ ಕೊಡಬಾರದು ಅಂತ.'

ಬಯ್ಯುವರೆಂದು ಕಾದೆ. ಬಯ್ಯಲಿಲ್ಲ. ಅರಿಶಿಣದ ಕಡೆ ನೋಡಿ, 'ನಮ್ಮವ್ವನೂ ಹಂಗ. ಸೇರ ಕೊಟ್ರೂ ನಾಕ ಕಾಳ ಹಾಕೇ ಕೊಡಾಕಿ' ಎಂದರು. ಆಮೇಲೆ, 'ಆತು. ಹಾಕಿದ್ರಿ. ಹಾಕೇನಿ ಅಂತ ಹೇಳಬೇಕಲ್ರಿ ಮತ್ತ? ಅಮಸಿದ್ದಪ್ಪಗ ಹೇಳಿದ್ರೇನ?'

'ಇಲ್ಲ.'

'ಹುಡಗಿಗೆ? ಪಿಸ್ತೂಲ ತಂದಾಕಿ ಆಕಿ ಅಲ್ಲೇನ್ರಿ?'

ಪರಮೇಶ ನನ್ನ ಕಡೆ ನೋಡುತ್ತಿದ್ದ. ಭಾಗ್ಯಾ, ಅಷ್ಟು ಹೊತ್ತಿನ ತನಕ ನಾನು ಏನೂ ನಿಶ್ಚಯಿಸಿರಲಿಲ್ಲ. ಇಬ್ಬರ ತಪ್ಪು ಎಂದರೆ ಅರ್ಧ ಭಾರ ಎನ್ನುವ ಲೆಕ್ಕವೂ ಮನಸ್ಸಿನಲ್ಲಿ ಇತ್ತು. ಆ ಹುಡುಗನ ಮುಖ ನೋಡಿ ಲೆಕ್ಕ ತಪ್ಪಿತು.

'ಆಕಿಗೂ ಹೇಳಲಿಲ್ಲ' ಎಂದೆ. 'ಮರತೆ.'

ಅಂದಾನೆಪ್ಪನವರು ಗೋಣು ಆಡಿಸಿದರು. 'ಪರಮೇಶಾ, ಬೀಗರಿಗೆ ಹೇಳಿ ಕಳಸು. ಅವರ ತಪ್ಪಿಲ್ಲ, ಲಗ್ನಕ್ಕ ನಂದ ಅಡ್ಡಿಲ್ಲ' ಎಂದರು. ನಾನು ಏಳುವಾಗ ಕೈ ಹಿಡಿದು ಕೂಡಿಸಿ, ಮೆಲ್ಲಗೆ ಅಂದರು: 'ಮಾಸ್ತರ್ರ, ನೀವು ಲಗ್ನಕ್ಕ ಬರಬ್ಯಾಡ್ರಿ. ಇರೂದ ಒಂದ ಕಣ್ಣು. ಅದರಾಗ ನಿಮ್ಮನ್ನ ಯಾಕ ನೋಡ್ಲಿ?'

ಸರಿಯಾದ ಮಾತು. ಪಾಯಿಂಟ್ ಟು ಬಿ ನೋಟೆಡ್ ಎಂದು ನಮ್ಮ ಪ್ರೊಫೆಸರು ಅನ್ನುತ್ತಿದ್ದರು, ಹಾಗೆ ನೋಟು ಮಾಡಿಕೊಂಡು ಬಂದೆ.

ನಿನಗೆ ಇನ್ನು ಒಂದೇ ಕೆಲಸ. ಯಾರು ಕೇಳಿದರೂ ನಾನು ನಿನಗೆ ಹೇಳಿರಲಿಲ್ಲ. ನಿಮ್ಮ ಅಪ್ಪ ಕೇಳಿದರೂ.

ಅನಂತ ಕಾಕಾ


ಪುನರ್ವಸತಿ ಕೇಂದ್ರ
೨ ಮೇ ೨೦೦೩

ಕಾಕಾ,

ಈ ತಿಂಗಳ ಹನ್ನೊಂದನೆಯ ತಾರೀಕಿಗೆ ಅಕ್ಷತೆ. ಚಿಮ್ಮಡದಲ್ಲೇ.

ನೀವು ಅಲ್ಲಿ ಆಡಿದ ಮಾತು ಅಪ್ಪನಿಗೆ ಮುಟ್ಟಿದ ದಿನ ಅವರು ಊಟ ಮಾಡಲಿಲ್ಲ. 'ಗೊತ್ತಿತ್ತಂತ ಅವಗ' ಎಂದು ಒಂದೇ ಸಲ ಅಂದರು. ಆಮೇಲೆ ನಿಮ್ಮ ಹೆಸರು ಬಂದಲ್ಲೆಲ್ಲ ಎದ್ದು ಹೊರಗೆ ಹೋಗುತ್ತಾರೆ. ಲಗ್ನದ ಕಾರ್ಡು ಬರೆಯುವಾಗ ನಿಮ್ಮದನ್ನು ನಾನು ಬರೆದಿದ್ದೆ, ಅವ್ವನ ಕೈಯಿಂದ ತೆಗೆಸಿದರು.

ಅವರು ಹೊರಗೆ ಕಟ್ಟೆಯ ಮೇಲೆ ಕೂತಾಗ ಮೂರು ಸಲ ಬಾಗಿಲ ತನಕ ಹೋದೆ. ಬಾಯಿ ಬರಲಿಲ್ಲ. ಅಕ್ಷತೆ ಆಗಲಿ ಕಾಕಾ, ಆದ ಮೇಲೆ ಅಪ್ಪನಿಗೆ ಹೇಳಿಬಿಡುತ್ತೇನೆ. ನೀವು ಹೂಂ ಎಂದು ಬರೆಯಿರಿ, ಸಾಕು.

ಭಾಗ್ಯಾ


ಜಮಖಂಡಿ
೧೫ ಮೇ ೨೦೦೩

ಚಿರಂಜೀವಿ ಸೌಭಾಗ್ಯವತಿ ಭಾಗ್ಯಾ,

ಹೊಸ ಮನೆಯಲ್ಲಿ ನಿನಗೆ ಒಳ್ಳೆಯದಾಗಲಿ. ನಾಡಿದ್ದು ನೀನು ತವರಿಗೆ ಬಂದು ಅಂಗನವಾಡಿಗೂ ಹೋಗುವೆಯೆಂದು ತಿಳಿದು ಅಲ್ಲಿಗೇ ಬರೆಯುತ್ತಿದ್ದೇನೆ. ಹನ್ನೊಂದರಂದು ಇಲ್ಲಿ ನಾನೂ ಶೇವಿಂಗ್ ಮಾಡಿಕೊಂಡು ಒಗೆದ ಧೋತರ ಉಟ್ಟಿದ್ದೆ. ಎಲ್ಲಿಗೆ ಹೊರಟಿರಿ ಎಂದು ಪಕ್ಕದವರು ಕೇಳಿದರು. ಎಲ್ಲಿಗೂ ಇಲ್ಲ ಎಂದೆ. ಮುಹೂರ್ತದ ಹೊತ್ತಿಗೆ ಅಡುಗೆ ಮನೆಯಲ್ಲಿ ನಿಂತು ನಾಲ್ಕು ಅಕ್ಕಿಕಾಳು ಆ ದಿಕ್ಕಿಗೆ ಹಾಕಿದೆ, ಆಮೇಲೆ ಗುಬ್ಬಿ ತಿಂದವು.

ನಿನ್ನೆ ನಿಮ್ಮ ಅಪ್ಪ ಬಂದಿದ್ದ. ನಿನಗೆ ಹೇಳಿರಲಿಕ್ಕಿಲ್ಲ. ಬಾಗಿಲಲ್ಲಿ ನೆರಳು ಬಿತ್ತು, ನೋಡಿದರೆ ಅಮಸಿದ್ದಪ್ಪ, ತಲೆಗೆ ಲಗ್ನದ ಹೊಸ ಪಟಗ ಸುತ್ತಿಕೊಂಡೇ. ನನಗೆ ಎಷ್ಟು ಸಂತೋಷವಾಯಿತೆಂದರೆ, ಚಪ್ಪಲಿ ಹುಡುಕಲು ಹೋದೆ, ಮನೆಯೊಳಗೆ ಚಪ್ಪಲಿ ಯಾಕೆ ಬೇಕು?

'ಬಾರೋ, ಒಳಗ ಬಾ' ಎಂದೆ.

'ಇಲ್ಲೇ ಛಲೋ ಐತ್ರಿ' ಎಂದ.

ಅವನು ನನಗೆ ರೀ ಹಚ್ಚಿದ್ದು ಇದೇ ಮೊದಲು.

'ಸಣ್ಣಾಂವ ಇದ್ದಾಗಿಂದ ನಿಮ್ಮ ಮಾತ ಕೇಳಕೋತ ಬಂದೇನ್ರಿ' ಎಂದ. ಸಿಟ್ಟಿನ ದನಿ ಇರಲಿಲ್ಲ. 'ಬಸ್ ತಪ್ಪಿದ್ರ ಮಾತ, ಹಲ್ಲ ನೋತ್ರ ಮಾತ, ಬಾಯಿ ಸತ್ತಾಗೂ ಮೂರ ದಿನಾ ನಾ ಕುಂತ ಕೇಳೇನಿ. ಇಷ್ಟ ಮಾತಿನಾಗ ಅದೊಂದ ಮಾತ ಹೇಳಾಕ ನಿಮಗ ಆಗಲಿಲ್ಲೇನ್ರಿ?'

ಬಾಯಿ ಎಂದದ್ದು ಇಂದಿರಾಳಿಗೆ. ಹಾಗೆಯೇ ಕರೆಯುತ್ತಿದ್ದನಲ್ಲ.

ಭಾಗ್ಯಾ, 'ಹೇಳಿದ್ದೆ' ಎನ್ನುವುದು ಎಷ್ಟು ಸಣ್ಣ ಶಬ್ದ! ನಾಲಿಗೆಯ ಮೇಲೆ ಬಂದು ಕೂತಿತ್ತು. ಅಂದಿದ್ದರೆ ಅವನು ಹೊಸ್ತಿಲು ದಾಟಿ ಬರುತ್ತಿದ್ದ. ಬಂದು ಕೂತು, ಯಾರಿಗೆ ಹೇಳಿದ್ದೆ ಎಂದು ಕೇಳುತ್ತಿದ್ದ. ನಾನು ಸುಮ್ಮನಿದ್ದೆ. ಅವನು ಕಾದ. ನಾನು ಎಂದಾದರೂ ಸುಮ್ಮನಿರಬಲ್ಲೆನೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ. ಆಮೇಲೆ, 'ಬರ್ತೇನ್ರಿ' ಎಂದು ಹೊರಟ. ಓಣಿಯ ತಿರುವಿನ ತನಕ ನೋಡಿದೆ, ಹಿಂದೆ ತಿರುಗಲಿಲ್ಲ.

ನೀನು ಹೂಂ ಎಂದು ಬರೆಯಲು ಕೇಳಿದ್ದೀ. ಬೇಡ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಮರುದಿನವೇ ಚಿಮ್ಮಡಕ್ಕೆ ಹೋಗಿ ಬೀಗರ ಕಾಲು ಹಿಡಿಯುತ್ತಾನೆ. ಆಮೇಲೆ ನೀನು ಆ ಮನೆಯಲ್ಲಿ ದಿನಾ ಅವರಿಗೆ ಊಟಕ್ಕೆ ಬಡಿಸುವುದು ಹೇಗೆ? ಬೇಡ ಎಂದು ಬರೆಯುವ ಮೊದಲು ಎರಡು ಕಾಗದ ಹರಿದಿದ್ದೇನೆ. ಎರಡರಲ್ಲೂ ಹೂಂ ಎಂದಿತ್ತು. ನಾನು ಸತ್ತ ಮೇಲೆ ಹೇಳು ಎಂದೂ ಒಂದು ಸಾಲು ಬರೆದೆ, ಹೊಡೆದು ಹಾಕಿದೆ. ಆಗ ತಿಳಿದರೆ ಪಾಪ, ಅವನು ಎಲ್ಲಿಗೆ ಹೋಗಿ ಯಾರ ಹತ್ತಿರ ಜಗಳ ಮುಗಿಸಬೇಕು?

ಅವನಿಗೆ ಕೆಮ್ಮು ಇದ್ದ ಹಾಗೆ ಕಂಡಿತು. ಕೇಳಬೇಕೆಂದಿದ್ದೆ, ಕೇಳಲಾಗಲಿಲ್ಲ. ಬಿಸಿನೀರು ಕುಡಿಸಲು ಮಾಯವ್ವನಿಗೆ ಹೇಳು. ಯಾರು ಹೇಳಿದರೆಂದು ಹೇಳಬೇಡ.

ಇನ್ನೂ ಏನೋ ಬರೆಯುವುದಿತ್ತು. ಕಿಟಕಿಯ ಬೆಳಕು ಹೋಗುತ್ತಾ ಇದೆ, ಸಾಲು ಸೊಟ್ಟಗೆ ಏರುತ್ತಿದೆ, ಮೇಲಿನ ಸಾಲು ಕಾಣುವುದಿಲ್ಲ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ಅನಂತ ಕಾಕಾ